ಬಿಡುವಾಗ ಸೊನ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರೌಢಶಾಲೆಯ ಹಿಂಬದಿಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅವರೊಬ್ಬರೇ ನಿಂತಿದ್ದಾರೆ. ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡನ್ನು ತುಸು ಪಕ್ಕಕ್ಕೆಳೆದು ಬಿಡುತ್ತಾರೆ. ತುಟಿ ಅಲುಗುತ್ತದೆ: ಸೊನ್ನೆ, ಒಂದು, ಎರಡು. ಇಪ್ಪತ್ತಾದಾಗ ಕೈಯಲ್ಲಿದ್ದ ಗಡಿಯಾರ ನಿಲ್ಲಿಸಿ, ಜೇಬಿನ ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಾರೆ. ಆಮೇಲೆ ದಿನದ ಕೆಲಸ. ಇಪ್ಪತ್ತನಾಲ್ಕು ಲೋಲಕಗಳಿಗೆ ದಾರ, ಹದಿನೆಂಟು ಮಸೂರಗಳಿಗೆ ಹಳೆಯ ಹತ್ತಿಬಟ್ಟೆಯ ಒರೆತ. ಕಾಂತಗಳನ್ನು ಎರಡೆರಡಾಗಿ ಜೋಡಿಸಿಡುತ್ತಾರೆ. “ಒಂಟಿಯಾಗಿಟ್ರೆ ಶಕ್ತಿ ಸೋರಿಹೋಗುತ್ತೆ” ಅನ್ನುತ್ತಾರೆ, ತಲೆಯೆತ್ತದೆ.

ಕಡ್ಡಿಯಂಥ ಈ ಆಳಿಗೆ ಮಕ್ಕಳಿಟ್ಟ ಹೆಸರು ಗುಂಡಣ್ಣ. ಓದಿದ್ದು ಏಳನೆಯವರೆಗೆ. ಈ ಕೋಣೆಯ ಸಹಾಯಕರಾಗಿ ಮೂವತ್ನಾಲ್ಕು ವರ್ಷ. ದಿನಕ್ಕೆ ನಾಲ್ಕು ತಂಡ, ನೂರರವತ್ತು ಮಕ್ಕಳು. “ಮನೇಲಿ ಒಂದು ದಿನ ತೊಟ್ಟಿಲು ತೂಗಿದವರಲ್ಲ. ಅಲ್ಲಿ ನೋಡಿದ್ರೆ ದಿನವಿಡೀ ಗುಂಡು ತೂಗ್ತಾರೆ” ಎಂದು ಹೆಂಡತಿ ಇಂದಿಗೂ ಚುಚ್ಚುತ್ತಾರೆ.

ತೊಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇದೆ. ಅದನ್ನು ಹೊಡೆದವರು ಹಳೇ ಮೇಷ್ಟ್ರು. ಗುಂಡಣ್ಣ ಕೆಲಸಕ್ಕೆ ಸೇರಿದಾಗ ಭೌತಶಾಸ್ತ್ರ ಅವರದೇ. ಕೊಕ್ಕೆಯಿಂದ ತೆಂಗಿನಕಾಯಿ ಗಾತ್ರದ ಕಲ್ಲು ಇಳಿಬಿಟ್ಟು ತೂಗುತ್ತಿದ್ದರಂತೆ. ಇಡೀ ತರಗತಿ ಒಕ್ಕೊರಲಿನಿಂದ ಎಣಿಸಬೇಕು. “ಬಿಡುವಾಗ ಸೊನ್ನೆ, ತಿರುಗಿ ಬಂದಾಗ ಒಂದು” ಎಂಬುದು ಅವರ ಪಲ್ಲವಿ. ಆ ಕೂಗು ಆಟದ ಬಯಲಿನವರೆಗೂ ಕೇಳುತ್ತಿತ್ತು. ಅದನ್ನು ಹೇಳುವಾಗ ಗುಂಡಣ್ಣನ ಕಣ್ಣು ಆ ಕೊಕ್ಕೆಯ ಮೇಲೇ ಇರುತ್ತದೆ.

ಮೇಷ್ಟ್ರು ನಿವೃತ್ತರಾದ ಮೇಲೆ ಕೋಣೆ ಮೌನವಾಯಿತು. ಫಲಿತಾಂಶ ಮುಖ್ಯವಾಯಿತು. ಹಿಂದಿನ ವರ್ಷದವರ ಪುಸ್ತಕ ನೋಡಿ ಅಂಕಿ ಬರೆಯುವುದೇ ಪಾಠವಾಯಿತು. ಲೋಲಕ ತೂಗಿ ಕಂಡುಹಿಡಿಯುವ ಭೂಮಿಯ ಸೆಳೆತಕ್ಕೆ ಪುಸ್ತಕದ ಲೆಕ್ಕ, ಸೆಂಟಿಮೀಟರಿನಲ್ಲಿ, ಒಂಬೈನೂರ ಎಂಬತ್ತು. ಇಪ್ಪತ್ತಾರು ವರ್ಷ ಈ ಕೋಣೆಯಲ್ಲಿ ಭೂಮಿ ಎಲ್ಲ ಮಕ್ಕಳನ್ನೂ ಅಷ್ಟಕ್ಕೇ ಎಳೆಯಿತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪರೀಕ್ಷೆಯ ದಿನ ತಡಬಡಾಯಿಸಿದವರಿಗೆ ಬೀರುವಿನ ಪಕ್ಕ ನಿಂತು ಅಂಕಿ ತೋರಿಸುವ ಗುಂಡಣ್ಣನ ಬೆರಳುಗಳೇ ಆಸರೆ. ಅಂಕಿಗಳೆಲ್ಲ ಅವರಿಗೆ ಬಾಯಿಪಾಠ. “ಪುಣ್ಯದ ಕೆಲಸ ಅಂದ್ಕೊಂಡಿದ್ದೆ” ಅನ್ನುತ್ತಾರೆ.

ಆ ಬೆರಳು ನೋಡಿ ಬರೆದವರೊಬ್ಬರು ಎರಡು ವರ್ಷದ ಹಿಂದೆ ಇಲ್ಲಿಗೇ ಶಿಕ್ಷಕಿಯಾಗಿ ಬಂದರು. ಮೊದಲ ದಿನವೇ ಅವರು ಹೇಳಿದ ಮಾತು ಗುಂಡಣ್ಣನಿಗೆ ಅಕ್ಷರಶಃ ನೆನಪಿದೆ: “ಅಣ್ಣಾ, ನಿಮ್ಮಿಂದ ನಂಗೆ ಪೂರ್ತಿ ಅಂಕ ಬಂತು. ಕಾಲೇಜಲ್ಲಿ ಲೋಲಕ ಕೈಗೆ ಕೊಟ್ಟಾಗ ಎಲ್ಲಿ ಹಿಡೀಬೇಕು ಅಂತಾನೇ ಗೊತ್ತಾಗ್ಲಿಲ್ಲ.”

ಅಂದಿನಿಂದ ಪಾಠದ ದಾರಿ ತಿರುಗಿತು. ಸೂತ್ರ ಆಮೇಲೆ, ಮೊದಲು ದಾರ ಮತ್ತು ಗುಂಡು. ಬಂದ ಅಂಕಿ ತಪ್ಪಿದ್ದರೂ ಅದನ್ನೇ ಬರೆಯಬೇಕು, ಯಾಕೆ ತಪ್ಪಿತೆಂದು ಹುಡುಕಬೇಕು. ಕೊಕ್ಕೆಗೆ ಮತ್ತೆ ಕಲ್ಲು ಬಂತು, ಕೋಣೆಗೆ ಕೂಗು ಬಂತು. ಆದರೆ ಮೊದಲ ವರ್ಷ ಪ್ರಾಯೋಗಿಕ ಪರೀಕ್ಷೆಯ ಸರಾಸರಿ ಮೂವತ್ತಕ್ಕೆ ಇಪ್ಪತ್ತೆಂಟಿದ್ದದ್ದು ಹತ್ತೊಂಬತ್ತಕ್ಕಿಳಿಯಿತು. ಪಾಲಕರು ಗುಡುಗಿದರು. ಮುಂದಿನ ಸಲವೂ ಹೀಗೇ ಆದರೆ ಹಳೆಯ ದಾರಿಯೇ ಗತಿ ಎಂದು ಮುಖ್ಯೋಪಾಧ್ಯಾಯರು ಕಡ್ಡಿ ಮುರಿದಂತೆ ಹೇಳಿದರು.

ಕಳೆದ ತಿಂಗಳು ಆ ಪರೀಕ್ಷೆ ಬಂತು. ಮೂರನೇ ಮೇಜಿನ ಹುಡುಗಿಗೆ ಸಾವಿರದ ಎಂಬತ್ತೇಳು ಬಂದಿತ್ತು. ಅವಳು ಗುಂಡು ಬಿಡುವಾಗಲೇ ‘ಒಂದು’ ಅಂದದ್ದನ್ನು ಗುಂಡಣ್ಣ ದೂರದಿಂದಲೇ ಕಂಡಿದ್ದರು. ಅವಳು ಬೀರುವಿನತ್ತ ನೋಡಿದಳು. ಒಂದು ಬೆರಳು ಸಾಕಿತ್ತು. ಗುಂಡಣ್ಣ ಎರಡೂ ಕೈ ಜೇಬಿಗೆ ತುರುಕಿ ಕಿಟಕಿಯತ್ತ ತಿರುಗಿದರು. “ಮಗು ಮುಖ ನೋಡೋಕಾಗ್ಲಿಲ್ಲ.”

ಹೊರಗಿನಿಂದ ಬಂದ ಪರೀಕ್ಷಕರು ಅವಳ ಹಾಳೆ ನೋಡಿ, ಇಷ್ಟೊಂದು ಹೇಗೆ ಬಂತು ಎಂದು ಕೇಳಿದರು. ಗೊತ್ತಿಲ್ಲ ಎಂದಾಗ ತಮ್ಮೆದುರೇ ಮಾಡಿ ತೋರಿಸಲು ಹೇಳಿದರು. ಗುಂಡು ಬಿಟ್ಟಳು, ‘ಒಂದು’ ಅಂದಳು, ಅಲ್ಲೇ ತಡೆದು ನಿಂತಳು. ಮೆಲ್ಲಗೆ ಹೇಳಿದಳು: “ಸೊನ್ನೆ ಅನ್ನೋದು ಮರೆತೆ, ಸರ್. ಇಪ್ಪತ್ತು ಅಂತ ಎಣಿಸಿದೆ, ತೂಗಿದ್ದು ಹತ್ತೊಂಬತ್ತೇ ಸಲ.” ಪರೀಕ್ಷಕರು ತಪ್ಪು ಅಂಕಿಯನ್ನು ಹೊಡೆದುಹಾಕಲು ಬಿಡಲಿಲ್ಲ. ಅದರ ಕೆಳಗೇ ಕಾರಣ ಬರೆಸಿ, ಪೂರ್ತಿ ಅಂಕ ಕೊಟ್ಟರು.

ಈ ಸಲದ ಸರಾಸರಿ ಇಪ್ಪತ್ತಮೂರು. ಹಳೆಯ ಇಪ್ಪತ್ತೆಂಟಕ್ಕೆ ಇನ್ನೂ ದೂರ. ಮುಖ್ಯೋಪಾಧ್ಯಾಯರು ಹಾಳೆಯನ್ನು ಎರಡು ಸಲ ತಿರುವಿ ನೋಡಿ, ಇನ್ನೊಂದು ವರ್ಷ ನೋಡೋಣ ಎಂದಿದ್ದಾರೆ.

ಆ ವರ್ಷಕ್ಕೆ ಗುಂಡಣ್ಣ ಇರುವುದಿಲ್ಲ. ನಾಲ್ಕು ತಿಂಗಳಲ್ಲಿ ನಿವೃತ್ತಿ. ತಮ್ಮ ಜಾಗಕ್ಕೆ ಬರುವವರಿಗೆ ಹೇಳಬೇಕಾದ್ದು ಎರಡೇ ಮಾತು ಅನ್ನುತ್ತಾರೆ: ಕಾಂತಗಳನ್ನು ಒಂಟಿಯಾಗಿಡಬೇಡಿ, ಪರೀಕ್ಷೆಯ ದಿನ ಕೈ ಜೇಬಿನಲ್ಲಿರಲಿ.

ಬೆಳಗ್ಗೆ ಬರೆದುಕೊಂಡದ್ದೇನೆಂದು ಕೇಳಿದರೆ ಸಂಕೋಚದಿಂದ ಪುಸ್ತಕ ತೆರೆಯುತ್ತಾರೆ. ಅಷ್ಟು ವರ್ಷ ಉತ್ತರ ಹಂಚಿದವರು ಪ್ರಯೋಗವನ್ನು ಒಮ್ಮೆಯೂ ತಾವಾಗಿ ಮಾಡಿರಲಿಲ್ಲ. ಮೇಡಂ ಕೂತು ಲೆಕ್ಕ ಹೇಳಿಕೊಟ್ಟಿದ್ದಾರೆ. ಪುಟದ ಕೊನೆಯಲ್ಲಿ ಓರೆ ಅಕ್ಷರದಲ್ಲಿ ಒಂಬೈನೂರ ಅರವತ್ನಾಲ್ಕು ಎಂದಿದೆ.

“ಪುಸ್ತಕದಲ್ಲಿ ಎಂಬತ್ತು ಅಂತಿದೆ, ಗೊತ್ತು. ಇರ್ಲಿ” ಅನ್ನುತ್ತಾರೆ. “ಇದು ನನ್ನ ಕೈಗೆ ಬಂದಿದ್ದು.”