ಮಸುಕು ಗಾಜಿನಲ್ಲಿ ನೀಲವ್ವ

ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಸತ್ತವರು ಕಂಡರೆಂದು ಯಾರಾದರೂ ಅಂದರೆ, "ಕರಕೊಂಡು ಬರ್ರಿ, ಫೋಟೋ ತೆಗೀತೇನಿ" ಎಂದು ಚೇಷ್ಟೆ ಮಾಡುತ್ತಿದ್ದವನು ನಾನು.

ಆಗ ನಿಜಾಮರ ಕಾಲ. ಕಲಬುರ್ಗಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಹಳೆಯ ಕಟ್ಟಡಗಳ ಫೋಟೋ ತೆಗೆದುಕೊಡುವ ಕೆಲಸ ನಮ್ಮ ಮಾಲಕರಿಗೆ ಸಿಕ್ಕಿತ್ತು. ಆಳಂದ, ಜೇವರ್ಗಿ ಮುಗಿಸಿ ಅಫಜಲಪುರದ ಕಡೆ ಬಂದಾಗ ತೆಗೆಯಲು ಉಳಿದದ್ದು ಅತನೂರಿನ ಹೊರಗಿನ ಕಲ್ಲಿನ ಧರ್ಮಶಾಲೆ. ಅತನೂರು ನನ್ನ ಹೆಂಡತಿ ನೀಲವ್ವನ ತವರು. ಅವಳು ವಾಂತಿಭೇದಿಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ನಾನು ಆ ಊರಿಗೆ ಕಾಲಿಟ್ಟಿರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವಳು ಒಮ್ಮೆಯೂ ಕ್ಯಾಮೆರಾದ ಎದುರು ನಿಂತವಳಲ್ಲ. ಊರವರೆಲ್ಲರ ಫೋಟೋ ತೆಗೆದ ನನ್ನ ಬಳಿ ಅವಳ ಒಂದು ಚಿತ್ರವೂ ಇರಲಿಲ್ಲ. ಬರಬರುತ್ತ ನಗು ನೆನಪಾದರೆ ಕಣ್ಣು ನೆನಪಾಗುತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಧರ್ಮಶಾಲೆಗೆ ಹೋದೆ. ತಿರುಗಣೆಯಲ್ಲಿ ತಿರುವಿದಂಥ ನುಣುಪು ಕಂಬಗಳು, ಛತ್ತಿನಲ್ಲಿ ಅರಳಿದ ಕಲ್ಲಿನ ಕಮಲ. ಪಡುವಣ ಗೋಡೆಯ ಜಾಲಂದ್ರದಿಂದ ನುಸುಳಿದ ಬಿಸಿಲು ನೆಲದ ಮೇಲೆ ಹೂವು ಹೂವಾಗಿ ಬಿದ್ದಿತ್ತು. ಹೊರಗಿನ ಚಿತ್ರಗಳನ್ನು ಮುಗಿಸಿ ಒಳಗೆ ಕ್ಯಾಮೆರಾ ನಿಲ್ಲಿಸಿದೆ. ಆ ಕಾಲದ ಕ್ಯಾಮೆರಾಕ್ಕೆ ಹಿಂದೊಂದು ಮಸುಕು ಗಾಜು. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ನೋಡಿದರೆ ಎದುರಿನದೆಲ್ಲ ಅದರಲ್ಲಿ ತಲೆಕೆಳಗಾಗಿ ಮೂಡುತ್ತದೆ. ಫೋಟೋ ತೆಗೆಯಲು ಅಲ್ಲಿ ಚಿತ್ರ ಹಿಡಿಯುವ ಪ್ಲೇಟು ಸೇರಿಸಿದರೆ ಮತ್ತೆ ಏನೂ ಕಾಣುವುದಿಲ್ಲ.

ಗಾಜಿನಲ್ಲಿ, ಕಂಬದ ಬುಡಕ್ಕೆ ಒರಗಿ ನೀಲವ್ವ ಕೂತಿದ್ದಳು.

ಬಟ್ಟೆ ಸರಿಸಿ ನೋಡಿದೆ. ಬರೀ ಕಂಬ. ಮತ್ತೆ ಹೊದ್ದೆ. ಇದ್ದಳು. ಸೆರಗು ಸರಿಮಾಡಿಕೊಂಡು, ನನ್ನ ಕೆಲಸ ಮುಗಿಯಲೆಂದು ಕಾಯುವವಳ ಹಾಗೆ ನನ್ನತ್ತಲೇ ನೋಡುತ್ತಿದ್ದಳು. ಹೆದರಿಕೆಯಾಗಲಿಲ್ಲ. ಪ್ಲೇಟು ಕೈಯಲ್ಲೇ ಇತ್ತು. ಸೇರಿಸಿದರೆ ಬಾಳೆಲ್ಲ ಇಟ್ಟುಕೊಳ್ಳುವಂಥ ಚಿತ್ರ ಸಿಗಬಹುದಿತ್ತು. ಆದರೆ ಸೇರಿಸಿದ ಕೂಡಲೇ ಅವಳು ಕಣ್ಣಿಗೆ ಮರೆಯಾಗುತ್ತಿದ್ದಳು. ನನ್ನಿಂದಾಗಲಿಲ್ಲ. ಬಿಸಿಲು ಆರಿ ಗಾಜು ಕಪ್ಪಾಗುವ ತನಕ ನೋಡುತ್ತಲೇ ನಿಂತೆ.

ಅಲ್ಲಿಂದ ನೆಟ್ಟಗೆ ಅತ್ತೆಯ ಮನೆಗೆ ಹೋದೆ. ಎರಡು ವರ್ಷ ಮುಖ ತೋರಿಸದ ಅಳಿಯನಿಗೆ ಅವರು ಕಾಲಿಗೆ ನೀರು ಕೊಟ್ಟರು. ಅವರು ಒಲೆಯ ಮುಂದೆ ಕೂತಾಗ ಕಂಡದ್ದನ್ನೆಲ್ಲ ಹೇಳಿಬಿಟ್ಟೆ. ತಲೆ ಕೆಟ್ಟಿದೆ ಎಂದಾರು ಅಂದುಕೊಂಡಿದ್ದೆ. ರೊಟ್ಟಿ ಬಡಿಯುವ ಕೈ ನಿಂತಿತು.

"ಹ್ಯಾಂಗಿದ್ಲ್ರಿ ನನ್ನ ಮಗಳು? ಸೊರಗಿದ್ಲೇನ್ರಿ?"

"ಇಲ್ರಿ ಅತ್ತಿ. ಮೈಕೈ ತುಂಬಿಕೊಂಡು ಚಂದ ಇದ್ಲು."

"ಅಷ್ಟಾದ್ರ ಸಾಕ್ರಿ," ಎಂದು ಸೆರಗಿನಿಂದ ಕಣ್ಣೊರಸಿಕೊಂಡು ಮತ್ತೆ ರೊಟ್ಟಿ ಬಡಿಯತೊಡಗಿದರು.

ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕ್ಯಾಮೆರಾ ಇಟ್ಟೆ. ಗಾಜಿನಲ್ಲಿ ಕಂಬಗಳಷ್ಟೇ ಮೂಡಿದವು. ಕಣ್ಣಿನ ಭ್ರಮೆ ಎಂದರೆ ಇರಬಹುದು, ನಾನು ವಾದಿಸಲಾರೆ. ಹಿಂದಿನ ದಿನ ಪ್ಲೇಟು ಸೇರಿಸಿದ್ದರೆ ಅವಳು ಅದರಲ್ಲಿ ಬರುತ್ತಿದ್ದಳೇ? ಈ ವಯಸ್ಸಿನಲ್ಲೂ ಕೇಳಿಕೊಳ್ಳುತ್ತಿರುತ್ತೇನೆ.

ಅತ್ತೆ ಬದುಕಿದ್ದ ತನಕ ವರ್ಷಕ್ಕೊಮ್ಮೆಯಾದರೂ ಅತನೂರಿಗೆ ಹೋಗುತ್ತಿದ್ದೆ. ಉಂಡ ಮೇಲೆ ಅವರು ಮೆಲ್ಲಗೆ, "ಕ್ಯಾಮೆರಾ ತಂದೀರೇನ್ರಿ?" ಎನ್ನುತ್ತಿದ್ದರು.

"ಹೂಂ, ತಂದೇನ್ರಿ."

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಧರ್ಮಶಾಲೆಯ ಕಡೆ ನಡೆಯುತ್ತಿದ್ದೆವು.