ಉಳಿದ ಗುಳಿಗೆ

ನನ್ನ ಸೊಸೆಯ ಜ್ವರ ಸಾಮಾನ್ಯ ಔಷಧಕ್ಕೆ ಬಗ್ಗದಂತೆ ಮಾಡಿದವಳು ನಾನೇ. ಮನೆಯಲ್ಲಿ ಎಲ್ಲರೂ ಇಂದಿಗೂ ಹಣೆಬರಹ ಅನ್ನುತ್ತಾರೆ. ಗುಳಿಗೆ ಕೊಟ್ಟದ್ದು ಹಣೆಬರಹವಲ್ಲ, ನನ್ನ ಕೈ.

ಇಳಕಲ್ಲಿನ ನಮ್ಮ ಓಣಿಯಲ್ಲಿ ನೆಲದಲ್ಲಿ ಗುಂಡಿ ತೋಡಿದ ಕುಣಿ ಮಗ್ಗಕ್ಕೆ ಕಾಲು ಇಳಿಬಿಟ್ಟು ಕುಳಿತ ಹೆಂಗಸರು ಹೊತ್ತು ಇಳಿಯುವವರೆಗೆ ನೀರು ಕುಡಿಯುವುದಿಲ್ಲ. ಕುಡಿದರೆ ಏಳಬೇಕು, ಎದ್ದರೆ ಕೆಲಸ ನಿಲ್ಲುತ್ತದೆ. ಹೀಗಾಗಿ ಉರಿಮೂತ್ರ ನಮ್ಮಲ್ಲಿ ನೆಗಡಿಯಷ್ಟೇ ಸಾಮಾನ್ಯ. ಒಬ್ಬಳಿಗೆ ದವಾಖಾನೆಯಲ್ಲಿ ಐದು ದಿನದ ಗುಳಿಗೆ ಬರೆದುಕೊಟ್ಟರೆ ಎರಡನೆಯ ದಿನಕ್ಕೇ ಉರಿ ನಿಲ್ಲುತ್ತದೆ. ಉಳಿದದ್ದನ್ನು ಮುಂದಿನವಳಿಗೆ ಆಗಲಿ ಎಂದು ನನ್ನ ಕೈಗೆ ಕೊಡುತ್ತಾರೆ. ಓಣಿಗೆ ಹಿರಿಯಳು ನಾನು. ಯಾರು ಉರಿ ಅಂದರೂ ಎರಡೋ ಮೂರೋ ಕೊಡುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಸೊಸೆ ಎರಡನೆಯ ಸಲ ಬಸುರಿ, ಐದು ತಿಂಗಳು. ಉರಿ ಎಂದಳು, ಮೂರು ಗುಳಿಗೆ ಕೊಟ್ಟೆ, ಕಡಿಮೆಯಾಯಿತು. ಹದಿನೈದು ದಿನಕ್ಕೆ ಮತ್ತೆ ಬಂತು, ಬೇರೆ ಬಣ್ಣದ ಎರಡು ಕೊಟ್ಟೆ. ಮೂರನೆಯ ಸಲ ಚಳಿಜ್ವರ. ಬೆನ್ನು ಹಿಡಿದುಕೊಂಡು, ಮೇಲೆ ಬರಲಾರದೆ ಮಗ್ಗದ ಕುಣಿಯಲ್ಲೇ ಕುಳಿತುಬಿಟ್ಟಳು.

ಮಗ ಹುನಗುಂದಕ್ಕೆ, ತನಗೆ ಪರಿಚಯದ ಡಾಕ್ಟರ ಹತ್ತಿರ ಕರೆದೊಯ್ದ. ನಾನೂ ಹೋದೆ. ಇದಕ್ಕೂ ಮೊದಲು ಏನಾದರೂ ಗುಳಿಗೆ ತೆಗೆದುಕೊಂಡಿದ್ದಾಳೆಯೇ ಎಂದು ಅವರು ಕೇಳಿದರು. ಸೊಸೆ ನನ್ನ ಮುಖ ನೋಡಿದಳು. ಇಲ್ಲ ಎಂದೆ. ಬಸುರಿಗೆ ಕಂಡದ್ದೆಲ್ಲ ತಿನ್ನಿಸಿದೆ ಎಂದು ಮಗನೆದುರು ಬೈಸಿಕೊಳ್ಳುವ ಮನಸ್ಸಿರಲಿಲ್ಲ, ಅಷ್ಟೇ. ಅವರು ಕೊಟ್ಟ ಗುಳಿಗೆ ನೋಡಿದರೆ ನಾನು ಎರಡನೆಯ ಸಲ ಕೊಟ್ಟಿದ್ದೇ. ಆಗಲೂ ಬಾಯಿ ಬಿಡಲಿಲ್ಲ. ಎರಡು ದಿನ ನುಂಗಿದಳು, ಮೈ ಕೆಂಡವಾಯಿತು.

ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಸೇರಿಸಿಕೊಂಡರು. ಮೂತ್ರದಲ್ಲಿರುವ ಹುಳವನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆಂದು ನೋಡಬೇಕು, ಎರಡು ಮೂರು ದಿನ ಹಿಡಿಯುತ್ತದೆ ಎಂದರು. ಜ್ವರ ಹೀಗೇ ಇದ್ದರೆ ದಿನ ತುಂಬುವ ಮೊದಲೇ ನೋವು ಬರಬಹುದು ಎಂದು ನರ್ಸ್ ಹೇಳಿಹೋದಳು. ಆರು ತಿಂಗಳೂ ತುಂಬದ ಕೂಸು ಹೊರಗೆ ಬಂದು ಉಳಿಯುತ್ತದೆಯೇ? ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಅದು ಮಿಸುಕುವುದನ್ನೇ ಕಾಯುತ್ತಿದ್ದೆ. ಮಿಸುಕಿದರೆ ಉಸಿರು ಬಿಡುತ್ತಿದ್ದೆ, ಮತ್ತೆ ಕಾಯುತ್ತಿದ್ದೆ.

ಒಮ್ಮೆ ಅವಳು ಕಣ್ಣು ತೆರೆದಳು. "ಅತ್ತಿ, ನೀವು ಹಿಂಗ ಸುಮ್ಮ ಕುಂತ್ರ ನನಗ ಅಂಜಿಕಿ ಬರ್ತೈತ್ರಿ. ಏನರ ಬೈರಿ."

ಅವಳ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿದೆ.

ಮೂರನೆಯ ದಿನ ಮಧ್ಯಾಹ್ನ ವಾರ್ಡಿನ ಹೆಣ್ಣು ಡಾಕ್ಟರು, ಡಾಕ್ಟರ್ ಬಾಯಿ, ಪರೀಕ್ಷೆಯ ಕಾಗದ ತಂದಳು. ಸೊಸೆಯ ವಯಸ್ಸಿನವಳೇ. ಔಷಧಗಳ ಹೆಸರು ಸಾಲಾಗಿದ್ದವು. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಇಂಗ್ಲಿಷು ಬಾರದು. ಆದರೂ ಹೆಚ್ಚಿನ ಹೆಸರುಗಳ ಮುಂದೆ ಒಂದೇ ಅಕ್ಷರ ಇದ್ದದ್ದು ಕಂಡಿತು. ಆ ಔಷಧಕ್ಕೆ ಹುಳ ಸಾಯಲಿಲ್ಲ ಎಂದು ಅದರ ಅರ್ಥವಂತೆ. ಬಸುರಿಗೆ ಕೊಡಬಹುದಾದದ್ದು ಒಂದೇ ಇಂಜೆಕ್ಷನ್ ಉಳಿದಿತ್ತು.

"ಸುಳ್ಳ ಹೇಳೇನಿ," ಎಂದೆ. "ನಾನ ಗುಳಿಗಿ ಕೊಟ್ಟೇನಿ, ಎರಡ ಥರದವು."

ಮಗ ನನ್ನತ್ತ ತಿರುಗಿದ. ಆಮೇಲೆ ಹೆಂಡತಿಯ ಹೊದಿಕೆ ಸರಿಮಾಡತೊಡಗಿದ.

ಡಾಕ್ಟರ್ ಬಾಯಿ ಗುಳಿಗೆಯ ಬಣ್ಣ, ದಿನ ಎಲ್ಲ ಕೇಳಿ ಬರೆದುಕೊಂಡಳು. ಎರಡೇ ಥರ ಕೊಟ್ಟದ್ದು, ಕೊಡದ ಔಷಧಗಳೂ ಹೇಗೆ ಸೋತವು ಎಂದು ಕೇಳಿದೆ. ಅವಳು ಕಾಗದದ ಹಿಂದೆ ಒಂದು ಉದ್ದನೆಯ ಹುಳ ಬರೆದು, ಒಳಗೆ ಸಣ್ಣ ಬಳೆ ಬರೆದಳು. ಹುಳಕ್ಕೆ ಬ್ಯಾಕ್ಟೀರಿಯಾ, ಬಳೆಗೆ ಪ್ಲಾಸ್ಮಿಡ್ ಎಂದಳು. ಔಷಧವನ್ನು ಸೋಲಿಸುವ ವಿದ್ಯೆ ಆ ಬಳೆಯಲ್ಲಿರುತ್ತದೆ, ಕೆಲವು ಸಲ ನಾಲ್ಕೈದು ಔಷಧದ್ದು ಒಟ್ಟಿಗೇ. ಒಂದು ಹುಳ ಇನ್ನೊಂದಕ್ಕೆ ಅಂಟಿಕೊಂಡು ಬಳೆಯ ನಕಲನ್ನು ದಾಟಿಸುತ್ತದೆ, ಬೇರೆ ಜಾತಿಯ ಹುಳಕ್ಕೂ. ಗುಳಿಗೆ ಬಿದ್ದಾಗ ಬಳೆ ಇಲ್ಲದವು ಸಾಯುತ್ತವೆ. ಇದ್ದವು ಜಾಗ ಖಾಲಿಯಾಯಿತೆಂದು ಬೆಳೆಯುತ್ತವೆ.

ಸೀರೆಯ ದಡಿ, ಅಂದರೆ ಅಂಚಿನ ನಕ್ಷೆಗೆ ನಾವು ತೂತು ಕೊರೆದ ರಟ್ಟುಗಳನ್ನು ಸಾಲಾಗಿ ಪೋಣಿಸಿ, ತುದಿಗೆ ತುದಿ ಕಟ್ಟಿ ಮಗ್ಗದ ಮೇಲೆ ತೂಗುಬಿಡುತ್ತೇವೆ. ಪಕ್ಕದ ಮನೆಯವರು ನೋಡಿ ನಕಲು ಕೊರೆದುಕೊಳ್ಳುತ್ತಾರೆ, ನಮ್ಮದು ನಮ್ಮಲ್ಲೇ ಇರುತ್ತದೆ. ಹೀಗೆ ನಮ್ಮ ಸೀರೆಯ ನಕ್ಷೆ ಗುಳೇದಗುಡ್ಡಕ್ಕೆ ಹೋಗಿ ಕುಪ್ಪಸದ ಖಣ ನೇಯುವ ಮಗ್ಗವನ್ನೂ ಏರಿದ್ದುಂಟು. ಇದೂ ಹಾಗೆಯೇ ಏನು ಎಂದು ಕೇಳಿದೆ.

"ಖರೆ ಐತ್ರಿ ಅಮ್ಮಾರ. ಆದ್ರ ನಿಮಗ ರಟ್ಟು ಕೊರಿಯಾಕ ದಿನಾ ಹಿಡಿತಾವು. ಇವಕ್ಕ ಅಷ್ಟ ಹೊತ್ತು ಬೇಕಾಗೂದಿಲ್ಲ." ಆಮೇಲೆ ಪೆನ್ನು ಮುಚ್ಚಿ ಕೇಳಿದಳು: "ಓಣ್ಯಾಗ ಇನ್ನ ಎಷ್ಟ ಮಂದಿಗಿ ಕೊಟ್ಟೀರಿ?"

ಬೆರಳು ಮಡಚುತ್ತ ಹೋದೆ. ಎರಡೂ ಕೈಯ ಬೆರಳು ಸಾಲಲಿಲ್ಲ.

ಅಂದೇ ಇಂಜೆಕ್ಷನ್ ಶುರುಮಾಡಿದರು. ಎರಡು ದಿನದಲ್ಲಿ ಜ್ವರ ಇಳಿಯಬೇಕು ಎಂದಳು.

ಮರುದಿನ ಬೆಳಿಗ್ಗೆ ಸೊಸೆಯ ಮೈ ಮುಟ್ಟಿದೆ. ಬಿಸಿ ಇತ್ತು, ನಿನ್ನೆಯಷ್ಟಲ್ಲ. ಕೂಸು ಒಂದು ಸಲ ಒದೆಯಿತು. ಮಗನನ್ನು ಅಲ್ಲಿ ಕೂರಿಸಿ ಮೊದಲ ಬಸ್ಸಿಗೆ ಇಳಕಲ್ಲಿಗೆ ಬಂದೆ. ಮನೆಗೆ ಹೋಗದೆ, ಓಣಿಯ ಮೊದಲ ಮನೆಯಿಂದ ಹಿಡಿದು ಒಂದೊಂದು ಮಗ್ಗದ ಮುಂದೆ ನಿಂತು, ನಾನು ಕೊಟ್ಟ ಗುಳಿಗೆ ನುಂಗಿದವರಲ್ಲಿ ಯಾರಿಗೆ ಮತ್ತೆ ಉರಿ ಬಂದಿದೆ ಎಂದು ಕೇಳಿದೆ. ಆರನೆಯ ಮನೆಯವಳು, ತನಗೆ ಬಂದಿದೆ, ಇನ್ನೆರಡು ಕೊಡಿ ಎಂದು ಕೈ ಚಾಚಿದಳು. ಆ ಕೈ ಹಿಡಿದು ಕುಣಿಯಿಂದ ಮೇಲೆಳೆದೆ.

"ಮಗ್ಗ ಅರ್ಧಕ್ಕ ನಿಲ್ತೈತ್ರಿ, ಆಯಿ," ಎಂದಳು.

"ನಿಲ್ಲಲಿ," ಎಂದು ಅವಳನ್ನು ಹುನಗುಂದದ ಬಸ್ಸು ಹತ್ತಿಸಿ, ಡಾಕ್ಟರಿಗೆ ಗುಳಿಗೆಯ ಲೆಕ್ಕ ನಾನೇ ಹೇಳಬೇಕೆಂದು ಪಕ್ಕದಲ್ಲೇ ಕುಳಿತೆ.