ಅಂಟು ಬಿಟ್ಟ ಲೆನ್ಸು

ಅಪ್ಪ ಬಿಟ್ಟುಹೋದ ಕ್ಯಾಮೆರಾದ ಲೆನ್ಸಿನಲ್ಲಿ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿತ್ತು. ಗಾಜಿನ ಅಂಚಿಗೆ ಬಳಿದಿದ್ದ ಕಪ್ಪು ಬಣ್ಣವೂ ಹೊಟ್ಟಿನಂತೆ ಉದುರಿತ್ತು. ಅವ್ವನ ಫೋಟೋ ತೆಗೆದರೆ ಬರೀ ಮಂಜು. ರೇಗಿಹೋಗಿ ಮಂಡ್ಯದ ರಿಪೇರಿಯವರಿಗೆ ಕೊಟ್ಟೆ. ಅವರು ಹೊಸ ಅಂಟು ಹಾಕಿ, ಅಂಚಿಗೆ ಕಪ್ಪು ಬಳಿದುಕೊಟ್ಟರು.

ಮದ್ದೂರಿನ ಮನೆ ಜಗಲಿಯಲ್ಲಿ ಅವ್ವನನ್ನು ಕೂರಿಸಿ ಮತ್ತೆ ತೆಗೆದೆ. ಒಂದೊಂದು ಸುಕ್ಕೂ ನಿಚ್ಚಳ. ಹಳೆಯದು, ಹೊಸದು ಎರಡನ್ನೂ ಅವಳ ಮುಂದಿಟ್ಟೆ.

ಹೊಸದನ್ನು ನೋಡಿ, "ಯಾರ್ಲಾ ಇವ್ಳು?" ಎಂದಳು. ಮಂಜಿನ ಫೋಟೋ ಮೇಲೆ ಬೆರಳಿಟ್ಟು, "ನಾನು ಇವ್ಳು ಕಣ್ಲಾ" ಎಂದಳು.

"ಅದು ಲೆನ್ಸು ಕೆಟ್ಟಿದ್ದಾಗ ತೆಗ್ದಿದ್ದು ಕಣವ್ವ!"

"ನಿಮ್ಮಪ್ಪ ತೆಗ್ದಾಗ್ಲೂ ನಾನು ಇಂಗೇ ಬತ್ತಿದ್ದೆ."

ಹಾಗಾದರೆ ಅಂಟು ಅಪ್ಪನ ಕಾಲಕ್ಕೇ ಬಿಟ್ಟಿತ್ತೋ, ಅವ್ವ ಇದ್ದದ್ದೇ ಹಾಗೋ? ತಲೆ ಕೆಟ್ಟುಹೋಯಿತು. ಈಗ ರಿಪೇರಿಯವರ ಹತ್ತಿರ ಹೋಗಿ ಏನೆಂದು ಕೇಳಲಿ? ಮೊದಲಿನಂತೆ ಕೆಡಿಸಿಕೊಡಿ ಎಂದೇ?